ಅಗ್ಗದ ಡೊಮೇನು, ಕಳವಾದ ಡಿಸೈನು: ನನ್ನ ಅನುಭವ

ಡೊಮೇನಿಗೆ, ಅಂದರೆ ಸೈಟಿನ ಹೆಸರಿಗೆ, ದುಡ್ಡು ಸುರಿಯುವುದನ್ನು ನಿಲ್ಲಿಸಿ, ಆ ಹೊತ್ತು ಮತ್ತು ದುಡ್ಡನ್ನು ನನ್ನ ವೆಬ್ ಡಿಸೈನು ಕದಿಯುವ ಕಳ್ಳರ ಹಿಂದೆ ಹಾಕುತ್ತೇನೆ ಅಂದಾಗ ಜೊತೆಗಾರರು ನಕ್ಕಿದ್ದರು. "ಬ್ರೌಸರಿಗೆ ಕಳಿಸಿದ ಮೇಲೆ ಅದು ಎಲ್ಲರದ್ದೂ, ಕಾಯೋದು ಏನನ್ನ ಮಾರಾಯ?" ಅಂತ. ಅದಾಗಿ ಮೂರು ವರ್ಷವಾಗಿರಬೇಕು. ನನ್ನ ಟೆಂಪ್ಲೇಟು (ನಾನು ಮಾಡಿದ ಸಿದ್ಧ ಸೈಟಿನ ಅಚ್ಚು) ಎತ್ತಿಕೊಂಡ ಹತ್ತು ಹನ್ನೆರಡು ಸೈಟುಗಳನ್ನಾದರೂ ಮುಚ್ಚಿಸಿದ್ದೇನೆ, ವಕೀಲರಿಗೆ ಒಂದು ಪೈಸೆ ಕೊಟ್ಟಿಲ್ಲ.

ಮೊದಲು ಹೆಸರಿನ ಲೆಕ್ಕ. ಡಾಟ್ ಕಾಮ್‌ನ ಸಗಟು ಬೆಲೆ 2020ರಲ್ಲಿ 7.85 ಡಾಲರ್ ಇತ್ತು. ಡಾಟ್ ಕಾಮ್ ಹೆಸರುಗಳನ್ನು ನಡೆಸುವ ಕಂಪನಿ ವೆರಿಸೈನ್ ನಾಲ್ಕು ಸಲ ಏರಿಸಿ 2024ರ ಸೆಪ್ಟೆಂಬರಿನಲ್ಲಿ 10.26ಕ್ಕೆ ತಂದಿತು. ಅದಕ್ಕಿಂತ ಕಡಿಮೆಗೆ ಯಾರು ಕೊಟ್ಟರೂ ಎರಡನೇ ವರ್ಷ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಹಾಗಂತ ಒಂದು ಡಾಲರ್ ಆಫರನ್ನು ನಾನು ಬಿಡುವುದಿಲ್ಲ. ಕೊಳ್ಳುವುದು ಅಲ್ಲಿ, ಹೊಸ ಹೆಸರನ್ನು ಬೇರೆಡೆ ಸಾಗಿಸಲು ಬಿಡದ 60 ದಿನದ ಟ್ರಾನ್ಸ್‌ಫರ್ ಲಾಕ್ ಹೇಗೂ ಕಳೆದಿರುತ್ತದೆ, ಎಕ್ಸ್‌ಪೈರಿಗೆ ತಿಂಗಳು ಮುಂಚೆ ಆಥ್ ಕೋಡ್ (ಸಾಗಿಸಲು ಬೇಕಾದ ಗುಪ್ತಪದ) ತೆಗೆದು ಸಗಟು ಬೆಲೆಗೇ ಕೊಡುವ ರಿಜಿಸ್ಟ್ರಾರಿಗೆ, ಅಂದರೆ ಹೆಸರು ಮಾರುವ ಕಂಪನಿಗೆ, ಸಾಗಿಸುವುದು. ಟ್ರಾನ್ಸ್‌ಫರ್ ಜೊತೆ ಒಂದು ವರ್ಷ ಸೇರುವುದರಿಂದ ರಿನ್ಯೂವಲ್ ಖರ್ಚು ಬೇರೆ ಇಲ್ಲ. ಆಟೋ ರಿನ್ಯೂ ಆಗಿ 45 ದಿನದೊಳಗೆ ಮಾತ್ರ ಸಾಗಿಸಬೇಡಿ. ಹಳೇ ರಿಜಿಸ್ಟ್ರಾರಿಗೆ ಕಟ್ಟಿದ ವರ್ಷ ರದ್ದಾಗುತ್ತದೆ, ಆ ದುಡ್ಡು ವಾಪಸ್ ಕೊಡುವುದು ಅವರ ಮರ್ಜಿ.

ಬೇರೆಯವರ ಕೈಯಲ್ಲಿರುವ ಹೆಸರು ಬೇಕಾದಾಗ ನಿಜವಾದ ಆಟ ಶುರು. ಹೆಸರು ಖಾಲಿಯಾದ ಕೂಡಲೇ ಹಿಡಿದುಕೊಡುತ್ತೇವೆ ಅಂತ ಮುಂಗಡ ಕಟ್ಟಿಸಿಕೊಳ್ಳುವ ಬ್ಯಾಕ್‌ಆರ್ಡರ್ ಸೇವೆಗಳಿಗೆ ಎಪ್ಪತ್ತು ಎಂಬತ್ತು ಡಾಲರ್ ಹಾಕಿದೆ, ಒಂದು ಹೆಸರೂ ಸಿಗಲಿಲ್ಲ. ಒಳ್ಳೆಯ ಹೆಸರು ಡ್ರಾಪ್ ಆಗುವುದೇ (ಯಾರು ಬೇಕಾದರೂ ಕೊಳ್ಳುವಂತೆ ಖಾಲಿಯಾಗುವುದೇ) ಇಲ್ಲ, ರಿಜಿಸ್ಟ್ರಾರೇ ಹರಾಜಿಗೆ ಹಾಕಿಕೊಳ್ಳುತ್ತಾನೆ. ಆದರೆ ನನಗೆ ಬೇಕಾಗುವುದು ಹರಾಜಿನವರು ಮೂಸಿ ಬಿಡುವ ಎರಡು ಪದದ ಹೆಸರುಗಳು. ಅವು ಹಳೇ ಮಾಲೀಕ ವಾಪಸ್ ಪಡೆಯಬಹುದಾದ ರಿಡೆಂಪ್ಷನ್‌ನ 30 ದಿನ, ಅಳಿಸುವ ಮುಂಚಿನ ಪೆಂಡಿಂಗ್ ಡಿಲೀಟ್‌ನ 5 ದಿನ ಮುಗಿಸಿ ಸದ್ದಿಲ್ಲದೆ ಬೀಳುತ್ತವೆ. ದಿನಕ್ಕೊಮ್ಮೆ ಆರ್‌ಡಿಎಪಿಯಲ್ಲಿ (ಹೆಸರಿನ ನೋಂದಣಿ ವಿವರ ತೋರಿಸುವ ಸೇವೆ) ಸ್ಟೇಟಸ್ ನೋಡುವ ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟೆ, ಬಿದ್ದ ದಿನವೇ ಮಾಮೂಲು ಬೆಲೆಗೆ ಕೈಯಿಂದಲೇ ರಿಜಿಸ್ಟರ್ ಮಾಡಿದೆ. ಕೊಳ್ಳುವ ಮೊದಲು ಹಳೇ ಪುಟಗಳ ಪ್ರತಿಯನ್ನು ತಾರೀಕು ಸಮೇತ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಿಂದಿನ ಜನ್ಮ ನೋಡಿ. ಜೂಜಿನ ಪುಟ, ನಕಲಿ ಔಷಧಿ ಅಂಗಡಿ ಏನಾದರೂ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆ ಹೆಸರಿನಿಂದ ಕಳಿಸಿದ ಮೇಲ್ ನೇರ ಸ್ಪ್ಯಾಮಿಗೆ ಬೀಳುತ್ತದೆ ಅಂತ ನಿಮಗೇ ಗೊತ್ತು.

ಹೆಸರುಗಳನ್ನು ಮೂಟೆಗಟ್ಟಲೆ ಇಟ್ಟುಕೊಂಡವರ ಹತ್ತಿರ ಚೌಕಾಸಿ ಮಾಡುವಾಗ ಅವರು ಮತ್ತೆ ದುಡ್ಡು ಕಟ್ಟಬೇಕಾದ ರಿನ್ಯೂವಲ್ ತಾರೀಕೇ ನಮ್ಮ ಬಲ. ಎರಡೂವರೆ ಸಾವಿರ ಡಾಲರ್ ಕೇಳಿದ್ದ ಒಂದು ಹೆಸರನ್ನು 180ರ ಆಸುಪಾಸಿನಲ್ಲಿ ಇಳಿಸಿಕೊಂಡೆ. ಎಕ್ಸ್‌ಪೈರಿಗೆ ಎಷ್ಟು ದಿನ ಇರುವಾಗ ಮೇಲ್ ಹಾಕಿದೆ, ಮೊದಲ ಸಾಲು ಏನಿತ್ತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ.

"ಡಾಟ್ ನೆಟ್, ಡಾಟ್ ಆರ್ಗ್, ಡಾಟ್ ಶಾಪ್ ಎಲ್ಲ ಸೇರಿಸಿ ತಗೋ, ಇಲ್ಲದಿದ್ರೆ ಬೇರೆಯವರು ತಗೋತಾರೆ" ಅಂತ ಹೆದರಿಸುವವರಿದ್ದಾರೆ. ಒಂದು ವರ್ಷ ಹಾಗೇ ತೆಗೆದುಕೊಂಡು ಕೂತೆ, ಮುಂದಿನ ವರ್ಷದ ಬಿಲ್ಲು ಮುನ್ನೂರು ಡಾಲರ್ ದಾಟಿತು. ಎಲ್ಲ ಬಿಟ್ಟೆ. ಈಗ ಡಾಟ್ ಕಾಮ್ ಒಂದೇ, ಜೊತೆಗೆ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗುಗಳ (ಸೈಟುಗಳಿಗೆ ಕೊಟ್ಟ ಸುರಕ್ಷತಾ ಸರ್ಟಿಫಿಕೇಟುಗಳ ಬಹಿರಂಗ ಪಟ್ಟಿ) ಮೇಲೆ ಕಣ್ಣು. ಯಾರಾದರೂ ನನ್ನ ಹೆಸರನ್ನೇ ತಿರುಚಿ ಸೈಟು ಎಬ್ಬಿಸಿದರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದುಕೊಳ್ಳಲೇಬೇಕು, ತೆಗೆದುಕೊಂಡ ತಕ್ಷಣ ಲಾಗಿನಲ್ಲಿ ಬಿದ್ದಿರುತ್ತದೆ. ಪುಟ ತಯಾರಾಗುವ ಮುಂಚೆಯೇ ನನಗೆ ಸುದ್ದಿ.

ಇನ್ನು ಕಳವು. ರೈಟ್ ಕ್ಲಿಕ್ ಬಂದ್ ಮಾಡಿದ್ದು, ಜಾವಾಸ್ಕ್ರಿಪ್ಟನ್ನು ಗೋಜಲು ಮಾಡುವ ಟೂಲಿಗೆ ವರ್ಷಕ್ಕೆ ನೂರು ಡಾಲರ್ ಕೊಟ್ಟದ್ದು, ಎರಡೂ ದಂಡ. ಕದಿಯುವವನು ಸೈಟು ನಕಲಿಸುವ ಎಚ್‌ಟಿಟ್ರ್ಯಾಕ್ ಎಂಬ ಟೂಲು ಹಚ್ಚಿ ಇಡೀ ಸೈಟು ಎಳೆದುಕೊಂಡು ಹೋಗುತ್ತಾನೆ, ಅವನಿಗೆ ರೈಟ್ ಕ್ಲಿಕ್ ಯಾಕೆ ಬೇಕು? ತಡೆಯುವುದು ಬಿಟ್ಟು ಗುರುತು ಹಾಕಲು ಶುರು ಮಾಡಿದೆ. ಕದ್ದ ಮಾಲೇ ಬಂದು ಚಾಡಿ ಹೇಳಬೇಕು.

ಗುರುತುಗಳಲ್ಲಿ ನನಗೆ ತುಂಬ ಹೆಮ್ಮೆ ಇರುವುದು ಎಸ್‌ವಿಜಿ ಐಕಾನಿನದು, ಅಂದರೆ ಬಿಂದುಗಳ ಅಂಕಿಗಳನ್ನು ಬರೆದು ರೂಪಿಸುವ ಚಿತ್ರದ್ದು. ನನ್ನ ಎಲೆಯ ಐಕಾನಿನಲ್ಲಿ ತೊಟ್ಟು ಒಂದು ನೇರ ಗೆರೆ. ನೇರ ಗೆರೆಗೆ ಎರಡು ಬಿಂದು ಸಾಕು. ನಾನು ನಡುವೆ ಮೂರನೆಯದನ್ನು ಇಡುತ್ತೇನೆ, ದಶಾಂಶದ ಮೂರನೇ ಸ್ಥಾನದವರೆಗೆ ನಾನೇ ಆರಿಸಿದ ಅಂಕಿ. ಆಕಾರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಒಬ್ಬ ಮಹಾಶಯ "ಇದು ನಾನೇ ಕೂತು ಬರೆದದ್ದು" ಅಂತ ವಾದಿಸಿದ. ಅವನ ಫೈಲಿನಲ್ಲಿ ಆ ಬಿಂದುಗಳಿರುವ ಪಾಥ್ ಸಾಲನ್ನೂ ನನ್ನದನ್ನೂ ಒಂದರ ಕೆಳಗೊಂದು ಇಟ್ಟು ಅವನ ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ ಕಳಿಸಿದೆ: ಕೆಲಸವಿಲ್ಲದ ಬಿಂದು, ಅದೇ ಜಾಗ, ಅದೇ ಅಂಕಿ. ಎರಡು ದಿನದಲ್ಲಿ ಸೈಟು ಇಳಿಯಿತು.

ಎರಡನೆಯದು ಕಳ್ಳರ ಸೋಮಾರಿತನ. ಹೆಚ್ಚಿನವರು ಅನಲಿಟಿಕ್ಸ್ ಐಡಿಯನ್ನೂ (ಸೈಟಿಗೆ ಬಂದವರನ್ನು ನನ್ನ ಲೆಕ್ಕಕ್ಕೆ ಸೇರಿಸುವ ಗುರುತಿನ ಸಂಖ್ಯೆ) ಸೇರಿಸಿಯೇ ಎತ್ತುತ್ತಾರೆ. ರಿಪೋರ್ಟಿನಲ್ಲಿ ಹೋಸ್ಟ್‌ನೇಮ್ ಕಾಲಂ ತೆರೆದರೆ ಗೊತ್ತಿಲ್ಲದ ಡೊಮೇನುಗಳು ಸಾಲಾಗಿ ನಿಂತಿರುತ್ತವೆ. ಫಾಂಟಿನ ಯುಆರ್‌ಎಲ್ಲನ್ನು ಪೂರ್ತಿ ವಿಳಾಸ ಸಮೇತ ಬರೆದರೆ ಕದ್ದ ಪುಟವೂ ಫಾಂಟನ್ನು ನಮ್ಮ ಸರ್ವರಿನಿಂದಲೇ ಕೇಳುತ್ತದೆ, ಅದರ ಲಾಗಿನಲ್ಲೂ ಸುಳಿವು ಸಿಗುತ್ತದೆ. ಯಾವ ಸೈಟಿನಿಂದ ಕೋರಿಕೆ ಬಂತು ಅಂತ ಹೇಳುವ ರೆಫರರ್‌ನಲ್ಲಿ ಈಗಿನ ಬ್ರೌಸರುಗಳು ಡೊಮೇನು ಮಾತ್ರ ಕೊಡುತ್ತವೆ, ನಮಗೆ ಬೇಕಾದದ್ದೂ ಅಷ್ಟೇ. ಇನ್ನೊಂದು ಗುರುತಿದೆ, ಅದನ್ನು ಬಹಿರಂಗ ಮಾಡಿದರೆ ಕೆಲಸ ಕೆಡುತ್ತದೆ.

ನಡುವೆ ಒಂದು ಪ್ರಯೋಗ: ಪುಟ ಬೇರೆ ಡೊಮೇನಿನಲ್ಲಿ ತೆರೆದುಕೊಂಡರೆ ನನ್ನ ಸೈಟಿಗೇ ತಿರುಗಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್. ಮಜಾ ಇತ್ತು, ಆದರೆ ಗೂಗಲ್ ಟ್ರಾನ್ಸ್‌ಲೇಟ್ ಮೂಲಕ ಓದುವವರ ಪುಟವೂ ಬೇರೆ ವಿಳಾಸದಿಂದಲೇ ಬರುತ್ತದೆ, ಅವರನ್ನೂ ಮೂಲ ಪುಟಕ್ಕೆ ತಳ್ಳಿ ಅನುವಾದ ಓದಲು ಬಿಡುತ್ತಿರಲಿಲ್ಲ. ಈಗ ಅದು ತಿರುಗಿಸುವುದಿಲ್ಲ, ಸುಮ್ಮನೆ ವರದಿ ಮಾಡುತ್ತದೆ.

ದೂರು ಕೊಡುವಾಗ "ಡಿಸೈನ್ ಕದ್ದಿದ್ದಾರೆ" ಅಂತ ಬರೆದರೆ ಮೂರು ಕಾಸಿನ ಉಪಯೋಗವಿಲ್ಲ. ವಿನ್ಯಾಸದ ಕಲ್ಪನೆ, ಬಣ್ಣದ ಜೋಡಣೆ ಇವುಗಳ ಮೇಲೆ ಕಾಪಿರೈಟ್ ಹೇಳುವುದು ಕಷ್ಟ. ಚಿತ್ರ, ಬರಹದ ಮೇಲೆ ಹೇಳಬಹುದು. ಹಾಗಾಗಿ ನನ್ನ ಡಿಎಂಸಿಎ (ಅಮೆರಿಕದ ಕಾಪಿರೈಟ್ ಕಾನೂನು) ನೋಟಿಸಿನಲ್ಲಿ ಡಿಸೈನ್ ಎಂಬ ಪದವೇ ಇರುವುದಿಲ್ಲ. ಈ ಚಿತ್ರ ಈ ಯುಆರ್‌ಎಲ್, ಮೂಲ ಇಲ್ಲಿ, ಅಷ್ಟೇ. ಕಳ್ಳನಿಗೆ ಮೇಲ್ ಹಾಕುವುದೂ ಇಲ್ಲ. ಮೊದಲು ಅವನ ಪುಟಗಳನ್ನು ವೇಬ್ಯಾಕ್‌ನಲ್ಲಿ ಸೇವ್ ಮಾಡಿಸಿ, ಆಮೇಲೆ ನೇರ ಹೋಸ್ಟಿಗೆ. ಸೈಟಿನ ನಿಜವಾದ ಸರ್ವರನ್ನು ಮರೆಮಾಡುವ ಕ್ಲೌಡ್‌ಫ್ಲೇರ್ ಸೇವೆಯ ಹಿಂದೆ ಅಡಗಿದ್ದರೆ ಅವರ ಅಬ್ಯೂಸ್ ಫಾರಂ ತುಂಬಿದರೆ ಹಿಂದಿರುವ ಹೋಸ್ಟ್ ಯಾರು ಅಂತ ಗೊತ್ತಾಗುತ್ತದೆ. ನನ್ನ ಪ್ರತಿ ಹೊಸ ಟೆಂಪ್ಲೇಟು ಹೊರಬಂದ ದಿನವೇ ವೇಬ್ಯಾಕ್‌ನಲ್ಲಿ ಕೂತಿರುತ್ತದೆ, ತಾರೀಕಿನ ಜಗಳಕ್ಕೆ ಅದೇ ಉತ್ತರ.

ಒಬ್ಬ ಮಾತ್ರ ಕೌಂಟರ್ ನೋಟಿಸ್, ಅಂದರೆ ದೂರು ತಪ್ಪು ಅನ್ನುವ ಉತ್ತರ, ಕೊಟ್ಟ. ಹಾಗೆ ಕೊಟ್ಟರೆ 10ರಿಂದ 14 ಕೆಲಸದ ದಿನಗಳಲ್ಲಿ, ನಾವು ಕೋರ್ಟಿಗೆ ಹೋಗದಿದ್ದರೆ, ಸೈಟು ಮತ್ತೆ ಏಳುತ್ತದೆ. ಎದ್ದಿತು ಕೂಡ. ಅಷ್ಟರೊಳಗೆ ಎಲೆ ಐಕಾನು, ಫಾಂಟು, ಬರಹ ಎಲ್ಲ ಬದಲಾಯಿಸಿದ್ದ, ನನ್ನದು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ಕೇಸು ಹಾಕಲಿಲ್ಲ.