1884ರಂಥ ಹಳೇ ಬೇಸ್‌ಬಾಲ್ ಸೀಸನ್‌ನ ಅಂಕಿಅಂಶ ಓದುವುದು ಹೇಗೆ

ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಬೇಸ್‌ಬಾಲ್ ಪಟ್ಟಿಗಳನ್ನು ತೆರೆದರೆ ತಲೆ ತಿರುಗುವಂಥ ಸಂಖ್ಯೆಗಳು ಸಿಗುತ್ತವೆ. ಒಬ್ಬನೇ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಒಂದು ಸೀಸನ್‌ನಲ್ಲಿ 59 ಪಂದ್ಯ ಗೆದ್ದಿದ್ದಾನೆ. ಇನ್ನೊಂದು ವರ್ಷ ಒಂದು ತಂಡ 134 ಪಂದ್ಯ ಸೋತಿದೆ. ಸಂಖ್ಯೆಗಳೆಲ್ಲ ನಿಜವೇ, ಆದರೆ ಈಗಿನ ಆಟವನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಅರ್ಥ ಪೂರ್ತಿ ತಪ್ಪುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಯಾವುದೇ ಅಂಕಿ ನೋಡಿ ಬೆರಗಾಗುವ ಮುಂಚೆ ಆ ವರ್ಷದ ನಿಯಮ, ಆ ಊರಿನ ಮೈದಾನ, ಆ ತಂಡದ ಮಾಲೀಕ, ಈ ಮೂರನ್ನೂ ವಿಚಾರಿಸಿ.

ಮೊದಲು ಒಂದೇ ಒಂದು ವರ್ಷ ಆರಿಸಿಕೊಳ್ಳಿ. ನಾನಂತೂ 1884ನ್ನೇ ಹೇಳುತ್ತೇನೆ, ಯಾಕೆಂದರೆ ಆ ಕಾಲದ ಎಲ್ಲ ವಿಚಿತ್ರಗಳೂ ಆ ಒಂದು ವರ್ಷದಲ್ಲೇ ಸಿಕ್ಕಿಬಿಡುತ್ತವೆ.

ಆಮೇಲೆ ನಿಯಮ. ಆಗ ನಿಯಮಗಳು ಹೆಚ್ಚು ಕಡಿಮೆ ಪ್ರತಿ ಚಳಿಗಾಲವೂ ಬದಲಾಗುತ್ತಿದ್ದವು. ಈಗ ನಾಲ್ಕು ಬಾಲ್ (ಹೊಡೆಯುವ ವಲಯದ ಹೊರಗೆ ಬಂದು ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಆದರೆ ಬ್ಯಾಟರ್ ಸುಮ್ನೆ ಮೊದಲ ಬೇಸ್‌ಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ನಡೆದು ಹೋಗುತ್ತಾನೆ, ಅಲ್ವಾ? ಇದೇ ವಾಕ್. 1879ರಲ್ಲಿ ಅದಕ್ಕೆ ಒಂಬತ್ತು ಬಾಲ್ ಬೇಕಿತ್ತು. 1884ರ ನ್ಯಾಷನಲ್ ಲೀಗ್‌ನಲ್ಲಿ ಆರು. ನಾಲ್ಕಕ್ಕೆ ಬಂದು ನಿಂತಿದ್ದು 1889ರಲ್ಲಿ. ಕೈಯನ್ನು ಭುಜದ ಮೇಲಿಂದ ತಂದು ಎಸೆಯಲು ನ್ಯಾಷನಲ್ ಲೀಗ್ ಒಪ್ಪಿದ್ದೇ 1884ರಲ್ಲಿ. ಬ್ಯಾಟರ್ ತನಗೆ ಚೆಂಡು ಎತ್ತರಕ್ಕೆ ಬೇಕೋ ಕೆಳಗೆ ಬೇಕೋ ಎಂದು ಕೇಳುವ ಹಕ್ಕು 1887ರ ತನಕ ಇತ್ತು. ಪಿಚರ್ ಈಗ ನಿಲ್ಲುವ 60 ಅಡಿ 6 ಇಂಚಿನ ದೂರ ಬಂದದ್ದು 1893ರಲ್ಲಿ, ಅದಕ್ಕೂ ಮುಂಚೆ ಅವನು ತೀರಾ ಹತ್ತಿರದಿಂದ ಎಸೆಯುತ್ತಿದ್ದ. ಅದಕ್ಕೇ 1892ರ ಬ್ಯಾಟಿಂಗ್ ಸರಾಸರಿಯನ್ನು (ಬ್ಯಾಟ್ ಹಿಡಿದ ಸಲಗಳಲ್ಲಿ ಎಷ್ಟು ಪಾಲು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಸೇರಿದ್ದು, ಎಂಬ ಲೆಕ್ಕ) 1894ರದ್ದರ ಪಕ್ಕದಲ್ಲಿಟ್ಟು ಯಾರು ಮೇಲು ಎಂದು ಕೇಳಬೇಡಿ. ದೂರ ಹೆಚ್ಚಾದ ಮೇಲೆ ಇಡೀ ಲೀಗ್‌ನ ಸರಾಸರಿಯೇ ಜಿಗಿಯಿತು.

1887ನೇ ಇಸವಿಯನ್ನು ಎಲ್ಲಿ ಕಂಡರೂ ಹುಷಾರಾಗಿರಿ. ಆ ಒಂದು ವರ್ಷ ಮಾತ್ರ ವಾಕ್ ಸಿಕ್ಕರೂ ಅದನ್ನು ಹಿಟ್ ಎಂದೇ ಲೆಕ್ಕ ಹಾಕಿದರು, ಔಟ್ ಆಗಲು ಮೂರರ ಬದಲು ನಾಲ್ಕು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಹೊಡೆಯಬಹುದಾಗಿದ್ದರೂ ಬಿಟ್ಟ ಎಸೆತ) ಬೇಕಿತ್ತು. ಸೇಂಟ್ ಲೂಯಿಸ್‌ನ ಟಿಪ್ ಓ'ನೀಲ್ ಸರಾಸರಿ ಆ ಲೆಕ್ಕದಲ್ಲಿ .492. ವಾಕ್‌ಗಳನ್ನು ತೆಗೆದರೆ .435. ಎರಡೂ ಅಂಕಿ ಬೇರೆ ಬೇರೆ ಕಡೆ ಅಚ್ಚಾಗಿವೆ, ನೀವು ನೋಡುತ್ತಿರುವ ಪಟ್ಟಿ ಯಾವುದನ್ನು ಬಳಸಿದೆ ಎಂದು ಮೊದಲೇ ತಿಳಿದುಕೊಳ್ಳಿ.

ಇನ್ನು ಯಾವ ಲೀಗ್ ಎನ್ನುವುದು. 1884ರಲ್ಲಿ ಮೂರು ಮೇಜರ್ ಲೀಗ್‌ಗಳಿದ್ದವು. 1876ರಲ್ಲಿ ಶುರುವಾದ ನ್ಯಾಷನಲ್ ಲೀಗ್, ಟಿಕೆಟ್ 50 ಸೆಂಟ್. 1882ರಲ್ಲಿ ಬಂದ ಅಮೆರಿಕನ್ ಅಸೋಸಿಯೇಷನ್, ಅಲ್ಲಿ 25 ಸೆಂಟ್‌ಗೆ ಟಿಕೆಟ್, ಭಾನುವಾರವೂ ಆಟ, ಜೊತೆಗೆ ಬಿಯರ್. ಮೂರನೆಯದು ಒಂದೇ ವರ್ಷ ಬದುಕಿದ ಯೂನಿಯನ್ ಅಸೋಸಿಯೇಷನ್. ಇದರ ಪಟ್ಟಿ ಓದುವಾಗ ಗೆಲುವಿನ ಪ್ರಮಾಣಕ್ಕಿಂತ ಮೊದಲು ಆಡಿದ ಪಂದ್ಯಗಳ ಸಂಖ್ಯೆ ನೋಡಿ. ಸೇಂಟ್ ಲೂಯಿಸ್ 94 ಗೆದ್ದು 19 ಸೋತಿದೆ, ಅದೇನೋ ಸರಿ. ಆದರೆ ಗೆಲುವಿನ ಪ್ರಮಾಣ .667 ಎಂದು ಅದರ ಹಿಂದೆಯೇ ಕಾಣುವ ಮಿಲ್ವಾಕಿ ಆಡಿದ್ದು ಬರೀ 12 ಪಂದ್ಯ! ತಂಡಗಳು ನಡುವೆಯೇ ಮುಚ್ಚಿಹೋದವು, ಅವುಗಳ ಜಾಗಕ್ಕೆ ಇನ್ಯಾರೋ ಬಂದರು. ಆಲ್ಟೂನಾ ಎಂಬ ಊರಿನ ತಂಡ 25 ಪಂದ್ಯಕ್ಕೇ ಕೈಚೆಲ್ಲಿತು.

ಮಧ್ಯೆ ಒಂದು ಮಾತು. ತಂಡದ ಅಡ್ಡಹೆಸರುಗಳನ್ನು ನಂಬಿ ಈಗಿನ ತಂಡಕ್ಕೆ ಗಂಟು ಹಾಕಬೇಡಿ. ಆಗಿನ ಚಿಕಾಗೊ ವೈಟ್ ಸ್ಟಾಕಿಂಗ್ಸ್ ಅಂದರೆ ಈಗಿನ ಚಿಕಾಗೊ ಕಬ್ಸ್, ಹೆಸರು ಹೋಲುವ ಅದೇ ಊರಿನ ವೈಟ್ ಸಾಕ್ಸ್ ಅಲ್ಲ.

ಈಗ ಪಿಚರ್‌ಗಳ ಪಟ್ಟಿಗೆ ಬನ್ನಿ, ನನಗೆ ಜಾಸ್ತಿ ಇಷ್ಟವಾದ ಭಾಗ ಇದು. 1884ರ ನ್ಯಾಷನಲ್ ಲೀಗ್ ಗೆದ್ದ ಪ್ರಾವಿಡೆನ್ಸ್ ಗ್ರೇಸ್ ತಂಡದ ಲೆಕ್ಕ 84 ಗೆಲುವು, 28 ಸೋಲು. ಸೀಸನ್ ಶುರುವಾದಾಗ ಅವರ ಬಳಿ ಇಬ್ಬರು ಪಿಚರ್‌ಗಳಿದ್ದರು, ಚಾರ್ಲಿ ಸ್ವೀನಿ ಮತ್ತು ಚಾರ್ಲ್ಸ್ ರಾಡ್‌ಬರ್ನ್. ಜುಲೈನಲ್ಲಿ ರಾಡ್‌ಬರ್ನ್‌ನನ್ನು ತಂಡ ಅಮಾನತು ಮಾಡಿತ್ತು. ಅದೇ ಹೊತ್ತಿಗೆ ಒಂದು ಪಂದ್ಯದ ಮಧ್ಯೆ ಸ್ವೀನಿಗೆ ಔಟ್‌ಫೀಲ್ಡ್‌ಗೆ ಹೋಗು ಎಂದರೆ ಅವನು ಒಪ್ಪದೆ ಮೈದಾನ ಬಿಟ್ಟು ನಡೆದ. ಉಳಿದ ಎಂಟೇ ಜನ ಆಡಿ ಸೋತರು. ಸ್ವೀನಿ ಹೋಗಿ ಸೇರಿದ್ದು ಯೂನಿಯನ್ ಅಸೋಸಿಯೇಷನ್‌ನ ಸೇಂಟ್ ಲೂಯಿಸ್ ತಂಡ. ಆಗ ರಾಡ್‌ಬರ್ನ್ ಮುಂದೆ ಬಂದು, ಸಂಬಳ ಹೆಚ್ಚಿಸಿ, ಸೀಸನ್ ಮುಗಿದ ಮೇಲೆ ನನ್ನನ್ನು ಬಿಟ್ಟುಬಿಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಒಪ್ಪಂದ ಮಾಡಿಕೊಂಡ. ಆ ಸೀಸನ್‌ನಲ್ಲಿ ಅವನು ಎಸೆದ 678 ಚಿಲ್ಲರೆ ಇನಿಂಗ್ಸ್‌ಗಳ (ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಹಿಂದಿರುವ ಕಥೆ ಇದು. ಇದು ಗೊತ್ತಿಲ್ಲದೆ ಆ ಅಂಕಿಯನ್ನು ಬರೀ ತೋಳಿನ ಬಲ ಎಂದು ಓದಿದರೆ ಅರ್ಧ ವಿಷಯ ಕೈತಪ್ಪುತ್ತದೆ.

ಅವನ ಗೆಲುವು ಕೆಲವು ಕಡೆ 59, ಕೆಲವು ಕಡೆ 60 ಎಂದಿರುತ್ತದೆ. ಎರಡನ್ನೂ ನೋಡಿ ಗಾಬರಿಯಾಗಬೇಡಿ. ಒಂದು ಪಂದ್ಯವನ್ನು ಮಿಲ್ಲರ್ ಎಂಬ ಪಿಚರ್ ಶುರು ಮಾಡಿ, ತಂಡ ಮುಂದಿರುವಾಗಲೇ ಚೆಂಡು ಬಿಟ್ಟುಕೊಟ್ಟ, ಕೊನೆಯ ತನಕ ಎಸೆದದ್ದು ರಾಡ್‌ಬರ್ನ್. ಈಗಿನ ನಿಯಮದಲ್ಲಿ ಗೆಲುವು ಮಿಲ್ಲರ್‌ಗೆ ಹೋಗುತ್ತದೆ, ಆಗಿನ ಸ್ಕೋರರ್ ಅದನ್ನು ರಾಡ್‌ಬರ್ನ್‌ಗೆ ಕೊಟ್ಟ. ಇನ್ನು ಅವನ 1.38 ಅರ್ನ್ಡ್ ರನ್ ಸರಾಸರಿ (ಫೀಲ್ಡರ್‌ಗಳ ತಪ್ಪಿನ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಕೊಟ್ಟ ರನ್) ನೋಡುವಾಗ ಪಕ್ಕದ ಒಟ್ಟು ರನ್ ಕಾಲಮ್ಮನ್ನೂ ನೋಡಿ. ಅವನ ಎಸೆತಕ್ಕೆ ಬಂದ ರನ್‌ಗಳಲ್ಲಿ ಸರಿಸುಮಾರು ಅರ್ಧ ಫೀಲ್ಡರ್‌ಗಳ ತಪ್ಪಿನಿಂದ ಬಂದವು. ಎಷ್ಟೋ ಜನ ಬರಿಗೈಯಲ್ಲಿ ಹಿಡಿಯುತ್ತಿದ್ದ ಕಾಲ ಅದು.

ಹೋಮ್ ರನ್‌ಗೆ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಮೈದಾನ ವಿಚಾರಿಸಿ. ಚಿಕಾಗೊದ ನೆಡ್ ವಿಲಿಯಮ್ಸನ್ 1884ರಲ್ಲಿ 27 ಹೋಮ್ ರನ್ ಹೊಡೆದ. ಬೇಬ್ ರೂತ್ 1919ರಲ್ಲಿ 29 ಹೊಡೆಯುವ ತನಕ ಅದೇ ದಾಖಲೆ. ಆದರೆ ಹಿಂದಿನ ಸಾಲು ನೋಡಿ: 1883ರಲ್ಲಿ ಅವನದು 2 ಹೋಮ್ ರನ್, 49 ಡಬಲ್ (ಎರಡು ಬೇಸ್ ಸಿಗುವ ಹೊಡೆತ). ಮುಂದಿನ ಸಾಲು ನೋಡಿ: 1885ರಲ್ಲಿ 3 ಹೋಮ್ ರನ್. ಏನಾಯಿತೆಂದರೆ, ಚಿಕಾಗೊದ ಲೇಕ್‌ಫ್ರಂಟ್ ಪಾರ್ಕ್‌ನ ಎರಡೂ ಬದಿಯ ಬೇಲಿ 200 ಅಡಿಯೂ ದೂರವಿರಲಿಲ್ಲ. 1883ರಲ್ಲಿ ಆ ಬೇಲಿ ದಾಟಿದ ಚೆಂಡಿಗೆ ಎರಡೇ ಬೇಸ್ ಕೊಡುತ್ತಿದ್ದರು, 1884ರಲ್ಲಿ ಅದನ್ನೇ ಹೋಮ್ ರನ್ ಎಂದರು, 1885ಕ್ಕೆ ತಂಡ ಬೇರೆ ಮೈದಾನಕ್ಕೆ ಹೋಯಿತು. 27ರಲ್ಲಿ 25 ಬಂದದ್ದು ತವರಿನಲ್ಲೇ. ಅದೇ ತಂಡದ ಇನ್ನೂ ಮೂವರು ಆ ವರ್ಷ 20 ದಾಟಿದ್ದಾರೆ. ಹೀಗೆ ಯಾವ ದೊಡ್ಡ ಅಂಕಿ ಸಿಕ್ಕರೂ ಹಿಂದಿನ ವರ್ಷ, ಮುಂದಿನ ವರ್ಷ, ಅದೇ ತಂಡದ ಪಕ್ಕದ ಆಟಗಾರ, ಇಷ್ಟನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದವರನ್ನೂ ನೆನಪಿಡಬೇಕು. 1884ರ ಟೊಲಿಡೊ ತಂಡದಲ್ಲಿ ಫ್ಲೀಟ್ ವಾಕರ್ ಎಂಬ ಕಪ್ಪು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಇದ್ದಾನೆ, 42 ಪಂದ್ಯ, ಸರಾಸರಿ .263. ಅವನ ತಮ್ಮ ವೆಲ್ಡಿಯೂ ಕೆಲವು ಪಂದ್ಯ ಆಡಿದ. ಅವರಿಬ್ಬರ ನಂತರ ಕಪ್ಪು ಆಟಗಾರರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿತು, 1947ರಲ್ಲಿ ಜಾಕಿ ರಾಬಿನ್ಸನ್ ಬರುವ ತನಕ. ಆ ನಡುವಿನ ಯಾವ ದಾಖಲೆ ಓದಿದರೂ ಅದು ಎಲ್ಲರೂ ಆಡಿದ ಆಟದ ದಾಖಲೆ ಅಲ್ಲ.

ಇಷ್ಟಾದ ಮೇಲೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡವನ್ನು ನೀವೇ ಓದಿ ನೋಡಿ. 20 ಗೆಲುವು, 134 ಸೋಲು. ತವರಿನಲ್ಲಿ 42 ಪಂದ್ಯ, ಹೊರಗೆ 112. ಈ ಸಂಖ್ಯೆ ಯಾಕೆ ಹೀಗೆ ಓರೆಯಾಗಿದೆ ಎಂದು ಕೇಳಿದರೆ ಉತ್ತರ ಮಾಲೀಕರ ಬಳಿ ಸಿಗುತ್ತದೆ. ಕ್ಲೀವ್‌ಲ್ಯಾಂಡ್ ತಂಡದ ರಾಬಿಸನ್ ಸಹೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಕ್ಲೀವ್‌ಲ್ಯಾಂಡ್‌ನಲ್ಲಿ ಜನ ಬರುವುದು ನಿಂತಿತು. ಅಲ್ಲಿಗೆ ಬಂದರೆ ರೈಲು ಖರ್ಚೂ ಗಿಟ್ಟದು ಎಂದು ಬೇರೆ ತಂಡಗಳು ಬರಲು ಒಪ್ಪಲಿಲ್ಲ, ಹಾಗಾಗಿ ಸ್ಪೈಡರ್ಸ್ ಊರೂರು ಅಲೆಯುತ್ತ ಆಡಬೇಕಾಯಿತು. ಈಗ ಅದೇ ವರ್ಷದ ಸೇಂಟ್ ಲೂಯಿಸ್ ಪಟ್ಟಿ ತೆರೆಯಿರಿ. ಹಿಂದಿನ ವರ್ಷದ ತನಕ ಕ್ಲೀವ್‌ಲ್ಯಾಂಡ್‌ನವನಾಗಿದ್ದ ಸೈ ಯಂಗ್ ಅಲ್ಲಿ 26 ಪಂದ್ಯ ಗೆದ್ದಿದ್ದಾನೆ, ಆದರೂ ತಂಡ ಬಂದದ್ದು ಐದನೇ ಸ್ಥಾನಕ್ಕೆ.