ಮುಚ್ಚಳ ತೆಗೆಯುವ ಮುಂಚೆ: ವ್ಯಾಲಿ ಫೀವರ್ ಜೊತೆ ನನ್ನ ಅನುಭವ

ಅರಿಜೋನಾದ ಟೂಸಾನ್‌ನಲ್ಲಿ ಒಂದು ಲ್ಯಾಬಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ನನ್ನ ಕೆಲಸ. ರೋಗಿಗಳ ಕಫ, ಕೀವು, ರಕ್ತ ಬರುತ್ತದೆ. ಅದನ್ನು ಪ್ಲೇಟಿಗೆ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಮುಚ್ಚಳದ ತಟ್ಟೆಗೆ ಹಾಕಿ, ಏನು ಬೆಳೆಯಿತು ಅಂತ ನೋಡಿ ಡಾಕ್ಟರಿಗೆ ತಿಳಿಸುತ್ತೇವೆ. ಬೇರೆ ಕಡೆ ಅಪರೂಪಕ್ಕೆ ಸಿಗುವ ಕಾಕ್ಸಿಡಿಯಾಯ್ಡಿಸ್ ಅನ್ನುವ ಫಂಗಸ್ ನಮಗೆ ಇಲ್ಲಿ ಸಿಗುತ್ತಲೇ ಇರುತ್ತದೆ. ಅದರಿಂದ ಬರುವ ಕಾಯಿಲೆಗೆ ವ್ಯಾಲಿ ಫೀವರ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಿಂದ ಬಂದ ಹೆಸರು ಅದು.

ಈ ಫಂಗಸ್ ಮರುಭೂಮಿಯ ಮಣ್ಣಿನಲ್ಲಿ ಬದುಕುತ್ತದೆ. ಮಳೆ ಬಿದ್ದಾಗ ಎಳೆ ಎಳೆಯಾಗಿ ಬೆಳೆಯುತ್ತದೆ. ಮಣ್ಣು ಒಣಗಿತೋ, ಆ ಎಳೆಯಲ್ಲಿ ಒಂದು ಬಿಟ್ಟು ಒಂದು ಕೋಶ ಸಾಯುತ್ತದೆ, ಸತ್ತ ಕೋಶದ ತೆಳು ಗೋಡೆ ಮುರಿದು ನಡುವಿನ ಜೀವಂತ ತುಣುಕುಗಳು ಬಿಡಿಬಿಡಿಯಾಗಿ ಗಾಳಿಗೆ ಹಾರುತ್ತವೆ. ಪುಟ್ಟ ಪೀಪಾಯಿಯ ಆಕಾರ. 3ರಿಂದ 5 ಮೈಕ್ರಾನ್, ಅಂದರೆ ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೂ ಇಳಿಯುವಷ್ಟು ಸಣ್ಣದು. 1994ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡಗಳು ಕುಸಿದು ಧೂಳೆದ್ದಿತು. ಅದರ ನಂತರ ವೆಂಚುರಾ ಕೌಂಟಿಯಲ್ಲಿ 200ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. 3 ಜನ ತೀರಿಕೊಂಡರು.

ರೋಗಿ ಕೆಮ್ಮಿದರೆ ಇದು ಇನ್ನೊಬ್ಬರಿಗೆ ಅಂಟುವುದಿಲ್ಲ. ಮೈಯೊಳಗೆ ಅದು ಬೇರೆಯೇ ರೂಪ ತಾಳುತ್ತದೆ, ಹಾರುವ ತುಣುಕು ಅಲ್ಲಿರುವುದಿಲ್ಲ. ಆದರೆ ಅದೇ ಕಫವನ್ನು ಪ್ಲೇಟಿಗೆ ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟರೆ ಮತ್ತೆ ಎಳೆ ಬಿಡುತ್ತದೆ, ಮತ್ತೆ ಮುರಿಯುತ್ತದೆ. ಅಂದರೆ ರೋಗಿಯ ಪಕ್ಕ ಕೂತ ನರ್ಸಿಗಿಂತ ಪ್ಲೇಟ್ ತೆರೆಯುವ ನಮಗೆ ಅಪಾಯ ಜಾಸ್ತಿ.

ಇದೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹೊರಗಿನ ಒಂದು ಕ್ಲಿನಿಕ್ಕಿನಿಂದ ಕಫ ಬಂದಿತ್ತು, ಫಾರಂನಲ್ಲಿ 'ನ್ಯುಮೋನಿಯಾ' ಅಂತ ಒಂದೇ ಪದ. ಮೂರನೇ ದಿನ ಬ್ಲಡ್ ಅಗರ್ (ರಕ್ತ ಬೆರೆಸಿದ ಜೆಲ್ಲಿ) ಪ್ಲೇಟಿನ ಅಂಚಿನಲ್ಲಿ ಬೂದುಬಿಳಿಯ ಒಂದು ಚುಕ್ಕೆ, ಬಟಾಣಿಗಿಂತ ಸಣ್ಣದು. ಸುಮ್ನೆ ಗಾಳಿಯಿಂದ ಬಿದ್ದ ಬೂಸ್ಟು ಇರಬೇಕು ಅಂದುಕೊಂಡು, ತೆರೆದ ಬೆಂಚಿನಲ್ಲೇ ಮುಚ್ಚಳ ಎತ್ತಿ ಬಗ್ಗಿ ನೋಡಿದೆ. ಬೆಳಕಿಗೆ ಓರೆ ಹಿಡಿದಾಗ ಅಂಚಿನಲ್ಲಿ ಹತ್ತಿಯಂಥ ನವಿರು ಕೂದಲು ಕಂಡಿತು. ಹಿಂದೆ ನಿಂತಿದ್ದ ನಮ್ಮ ಸೀನಿಯರ್ ಮೇಡಂ ಒಂದೇ ಮಾತು ಹೇಳಿದರು: "ಮುಚ್ಚು."

ಮಧ್ಯಾಹ್ನದ ಹೊತ್ತಿಗೆ, ಫಂಗಸ್‌ನ ಅನುವಂಶಿಕ ವಸ್ತುವಿನಿಂದ ಗುರುತು ಹಿಡಿಯುವ ಪ್ರೋಬ್ ಟೆಸ್ಟಿನಲ್ಲಿ ಅದು ಕಾಕ್ಸಿಡಿಯಾಯ್ಡಿಸ್ ಅಂತ ಖಚಿತವಾಯಿತು. ಆ ಹೊತ್ತಿನಲ್ಲಿ ಕೋಣೆಯಲ್ಲಿದ್ದವರ ಹೆಸರೆಲ್ಲ ಬರೆದುಕೊಂಡರು. ನನ್ನ ರಕ್ತ ತೆಗೆದರು, ಆರು ವಾರ ಫ್ಲುಕೊನಜೋಲ್ ಅನ್ನುವ ಫಂಗಸ್ ತಡೆಯುವ ಮಾತ್ರೆ ಕೊಟ್ಟರು. ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 3 ವಾರ ಬೇಕು. ಆ ಮೂರು ವಾರ ರಾತ್ರಿ ಒಂದು ಕೆಮ್ಮು ಬಂದರೂ ಎದ್ದು ಕೂರುತ್ತಿದ್ದೆ. 1929ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯಕೀಯ ವಿದ್ಯಾರ್ಥಿ ಹೆರಾಲ್ಡ್ ಚೋಪ್ ಲ್ಯಾಬಿನಲ್ಲಿ ಹೀಗೇ ಇದನ್ನು ಉಸಿರಾಡಿ ಕಾಯಿಲೆ ಬಿದ್ದು, ಆಮೇಲೆ ಚೇತರಿಸಿಕೊಂಡಿದ್ದರು. ಬಂದರೆ ಸಾವೇ ಅಂತ ಅಲ್ಲಿಯವರೆಗೆ ನಂಬಿದ್ದ ಕಾಯಿಲೆ ಇದು. ಆ ದಿನಗಳಲ್ಲಿ ಅವರನ್ನು ತುಂಬಾ ನೆನೆದೆ. ಆರು ವಾರದ ನಂತರದ ರಕ್ತ ಪರೀಕ್ಷೆಯೂ ನೆಗೆಟಿವ್ ಬಂತು.

ಈಗ ನಾನು ಮಾಡುವ ರೀತಿ ಇದು. ಪ್ಲೇಟಿನ ಎರಡು ಬದಿಗೂ ಟೇಪ್ ಹಚ್ಚಿರುತ್ತೇನೆ. ಮುಚ್ಚಳದ ಮೂಲಕವೇ, ಓರೆ ಬೆಳಕಿನಲ್ಲಿ ನೋಡುತ್ತೇನೆ. ಕೂದಲಿನಂಥದ್ದು ಏನು ಕಂಡರೂ, ಯಾವ ಬಣ್ಣವೇ ಇರಲಿ, ಬೆಂಚಿನಲ್ಲಿ ತೆರೆಯುವುದಿಲ್ಲ. ಬೂಸ್ಟಿನ ಕೆಲಸಕ್ಕೇ ಇರುವ ಪ್ರತ್ಯೇಕ ಕೋಣೆಯ ಸೇಫ್ಟಿ ಕ್ಯಾಬಿನೆಟ್ಟಿಗೆ (ಒಳಗಿನ ಗಾಳಿ ನಮ್ಮ ಕಡೆ ಬಾರದಂತೆ ಎಳೆದು ಸೋಸುವ ಪೆಟ್ಟಿಗೆ) ಹೋಗಬೇಕು. ಮೂಸಿ ನೋಡುವುದಂತೂ ಯಾವತ್ತೂ ಇಲ್ಲ. ಕಫ ಇನ್ನೂ ಉಳಿದಿದ್ದರೆ ಅದನ್ನೇ ಸ್ಲೈಡಿಗೆ ಹಾಕಿ ನೋಡುತ್ತೇನೆ. ಅದೃಷ್ಟವಿದ್ದರೆ ಸ್ಫೆರೂಲ್ ಸಿಗುತ್ತದೆ: ದಪ್ಪ ಸಿಪ್ಪೆಯ ಗುಂಡು, ಒಳಗೆ ಒತ್ತೊತ್ತಾಗಿ ತುಂಬಿದ ನೂರಾರು ಮರಿಗಳು. ಒಡೆದದ್ದು ಸಿಕ್ಕರೆ ಬಿರಿದ ದಾಳಿಂಬೆಯನ್ನು ನೋಡಿದ ಹಾಗೇ. ಅದು ಕಂಡರೆ ಪ್ಲೇಟಿಗೆ ಕಾಯದೆ ನೇರ ಡಾಕ್ಟರಿಗೆ ಫೋನ್.

ಅವತ್ತು ನಾನು ಮುಚ್ಚಳ ಎತ್ತಿದ ಪ್ಲೇಟಿನ ರೋಗಿಗೆ ಅಷ್ಟರಲ್ಲಿ ಎರಡು ಬಾರಿ ಆಂಟಿಬಯೋಟಿಕ್ ಕೊಟ್ಟಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಫಂಗಸ್‌ಗೆ ಅದು ನಾಟುವುದಿಲ್ಲ ಅಲ್ವಾ? ಸೋಂಕು ತಗುಲಿದ ಸುಮಾರು 60% ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಉಳಿದವರಿಗೆ ಜ್ವರ, ಕೆಮ್ಮು, ಎದೆನೋವು, ವಾರಗಟ್ಟಲೆ ಬಿಡದ ಸುಸ್ತು. ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವೇ ಜನರಲ್ಲಿ ಚರ್ಮಕ್ಕೆ, ಮೂಳೆಗೆ, ಮಿದುಳಿನ ಪೊರೆಗೆ ಹರಡುತ್ತದೆ. ಮಿದುಳಿನ ಪೊರೆಗೆ ಹೋದರೆ ಬದುಕಿಡೀ ಮಾತ್ರೆ.

ಹಾಗಾಗಿ ಬೇರೆ ಊರಲ್ಲಿರುವ ಡಾಕ್ಟರುಗಳಲ್ಲೂ ನನ್ನದೊಂದು ಕೋರಿಕೆ. ಬಿಡದ ನ್ಯುಮೋನಿಯಾ ಕಂಡರೆ, ಈಚೆಗೆ ಅರಿಜೋನಾ, ಕ್ಯಾಲಿಫೋರ್ನಿಯಾ ಕಡೆ ಹೋಗಿದ್ದಿರಾ ಅಂತ ಕೇಳಿ. ಹೌದು ಅಂದರೆ ಅದನ್ನು ಲ್ಯಾಬ್ ಫಾರಂನಲ್ಲಿ ಬರೆಯಿರಿ. ಆ ಒಂದು ಸಾಲು ಓದಿದರೆ ನಮ್ಮ ಕಡೆ ಯಾರೂ ಮುಚ್ಚಳ ಎತ್ತುವುದಿಲ್ಲ. ಮತ್ತೆ, ಮೊದಲ ವಾರದಲ್ಲಿ ಆಂಟಿಬಾಡಿ ಟೆಸ್ಟ್ ನೆಗೆಟಿವ್ ಬಂದರೆ ಅಷ್ಟಕ್ಕೇ ಬಿಡಬೇಡಿ. ಮೈಯಲ್ಲಿ ಆಂಟಿಬಾಡಿ ಹುಟ್ಟಲು ಸಮಯ ಹಿಡಿಯುತ್ತದೆ. ಅನುಮಾನ ಉಳಿದಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕಳಿಸಿ.