ಹರ್ಷಲ್‌ನ ನೀಲಿ ಚಿತ್ರ: ಸಯನೋಟೈಪ್ ಮಾಡುತ್ತ ಫೋಟೋಗ್ರಫಿಯ ಪದಗಳನ್ನು ತಿಳಿಯುವುದು

ನೆಗೆಟಿವ್, ಎಕ್ಸ್‌ಪೋಷರ್, ಡೆವಲಪ್, ಫಿಕ್ಸ್: ಈ ಪದಗಳು ಯಾವ ಕೆಲಸಗಳಿಗೆ ಇಟ್ಟ ಹೆಸರುಗಳು ಎಂಬುದು ಒಂದು ಚಿತ್ರವನ್ನು ಕೈಯಾರೆ ಮಾಡಿದಾಗ ಬೇಗ ತಿಳಿಯುತ್ತದೆ. ಅದಕ್ಕೆ ಕ್ಯಾಮೆರಾ ಬೇಡ, ಡಾರ್ಕ್‌ರೂಮ್ ಕೂಡ ಬೇಡ. ಕಬ್ಬಿಣದ ಎರಡು ಲವಣ, ಕಾಗದ, ಬಿಸಿಲು, ನೀರು ಇದ್ದರೆ ಸಯನೋಟೈಪ್ ಎಂಬ ನೀಲಿ ಚಿತ್ರ ಆಗುತ್ತದೆ.

ಈ ವಿಧಾನವನ್ನು 1842ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷಲ್. ‘ಫೋಟೋಗ್ರಫಿ’ ಎಂಬ ಹೆಸರು ಚಾಲ್ತಿಗೆ ಬಂದದ್ದೂ ಅವನು 1839ರ ಮಾರ್ಚ್ 14ರಂದು ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಿಂದ. ಗ್ರೀಕ್ ಭಾಷೆಯಲ್ಲಿ ‘ಫೋಸ್’ ಎಂದರೆ ಬೆಳಕು, ‘ಗ್ರಾಫೆ’ ಎಂದರೆ ಗೆರೆ ಎಳೆಯುವುದು, ಬರೆಯುವುದು. ಬ್ರೆಜಿಲ್‌ನಲ್ಲಿದ್ದ ಹರ್ಕ್ಯುಲ್ ಫ್ಲಾರೆನ್ಸ್ 1834ರ ಸುಮಾರಿಗೇ ಈ ಪದವನ್ನು ತನ್ನ ಟಿಪ್ಪಣಿಗಳಲ್ಲಿ ಬಳಸಿದ್ದ, ಆದರೆ ಅದು ಅಲ್ಲೇ ಉಳಿಯಿತು. ಬೆಳಕಿನಿಂದ ಚಿತ್ರ ಮೂಡಿಸುವ ದಾರಿ ಕಂಡುಕೊಂಡಿದ್ದ ಮಿಕ್ಕವರು ತಮತಮಗೆ ತೋಚಿದ ಹೆಸರಿಟ್ಟುಕೊಂಡಿದ್ದರು: ನಿಯೆಪ್ಸ್‌ನದು ಹೀಲಿಯೋಗ್ರಫಿ, ಟಾಲ್ಬಟ್‌ನದು ಫೋಟೋಜೆನಿಕ್ ಡ್ರಾಯಿಂಗ್, ಡಾಗೇರ್‌ನದು ಅವನ ಹೆಸರನ್ನೇ ಹೊತ್ತ ಡಾಗೆರೋಟೈಪ್. ನೆಗೆಟಿವ್, ಪಾಸಿಟಿವ್ ಎಂಬ ಜೋಡಿ ಪದಗಳನ್ನು ಫೋಟೋಗ್ರಫಿಗೆ ತಂದವನೂ ಹರ್ಷಲನೇ.

ದ್ರಾವಣ

ಒಂದು ಬಾಟಲಿಯಲ್ಲಿ 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 25 ಗ್ರಾಂ ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ ಕರಗಿಸಿ. ಇದು ‘ಎ’. ಇನ್ನೊಂದರಲ್ಲಿ 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್. ಇದು ‘ಬಿ’. ಎರಡನ್ನೂ ಕಂದು ಬಣ್ಣದ ಬಾಟಲಿಯಲ್ಲೇ ಇಡಿ. ‘ಎ’ ದ್ರಾವಣದ ಮೇಲೆ ಕೆಲವು ವಾರಗಳಲ್ಲಿ ಬೂಷ್ಟು ಬರುವುದುಂಟು. ಕಾಫಿ ಫಿಲ್ಟರಿನಲ್ಲಿ ಸೋಸಿದರೆ ಮತ್ತೆ ಬಳಸಬಹುದು. ಎರಡನ್ನೂ ಬೆರೆಸಿದ ಮೇಲೆ ಮಾತ್ರ ಹೆಚ್ಚು ಹೊತ್ತು ಇಡಬೇಡಿ. ಅಂದಿಗೆ ಬೇಕಾದಷ್ಟನ್ನೇ ಸಮಪ್ರಮಾಣದಲ್ಲಿ ಬೆರೆಸಿ. ಎ4 ಹಾಳೆಯೊಂದಕ್ಕೆ ಒಟ್ಟು 3 ಮಿ.ಲೀ. ಸಾಕು.

ಫೆರಿಸೈನೈಡ್ ಎಂಬ ಹೆಸರು ಕೇಳಿ ಹೆದರಬೇಕಿಲ್ಲ, ಸಲಿಗೆಯೂ ಬೇಡ. ಪ್ರಬಲ ಆಮ್ಲ ತಗುಲಿದರೆ ಅಥವಾ ಬಹಳ ಕಾಯಿಸಿದರೆ ಅದರಿಂದ ವಿಷಾನಿಲ ಬರುತ್ತದೆ. ಕೈಗವಸು ಹಾಕಿ, ಅಡುಗೆಯ ಪಾತ್ರೆ ಬಳಸಬೇಡಿ, ಪುಡಿ ತೂಗುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ.

ಕಾಗದ ಮತ್ತು ಲೇಪ

ಹೆಚ್ಚಿನ ಸೋಲು ಕಾಗದದಲ್ಲೇ ಇರುತ್ತದೆ. ಹತ್ತಿಯಿಂದ ಮಾಡಿದ ದಪ್ಪ ಜಲವರ್ಣ ಕಾಗದ ಒಳ್ಳೆಯದು. ಆದರೆ ಬಹುಕಾಲ ಬಾಳಲೆಂದು ಸುಣ್ಣದಂಶ ಸೇರಿಸಿದ ಕಾಗದ ಬೇಡ. ಸಯನೋಟೈಪಿನ ನೀಲಿ ಎಂದರೆ ಪ್ರಶ್ಯನ್ ಬ್ಲೂ. ಅದಕ್ಕೆ ಸುಣ್ಣದಂಥ ಕ್ಷಾರ ಆಗಿಬರುವುದಿಲ್ಲ, ಹಳದಿಗೆ ತಿರುಗಿ ಮಾಸುತ್ತದೆ.

ಮಾಮೂಲಿ ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ ಲೇಪ ಹಚ್ಚಬಹುದು, ಕಿಟಕಿಯ ಬೆಳಕು ಬೀಳದಿದ್ದರೆ ಆಯಿತು. ಲೋಹದ ಪಟ್ಟಿ ಇಲ್ಲದ ಮೃದು ಕುಂಚದಿಂದ ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ ಎಳೆಯಿರಿ. ದ್ರಾವಣ ಎಲ್ಲಿಯೂ ಮಡುಗಟ್ಟಬಾರದು. ಮಡುಗಟ್ಟಿದ ಕಡೆ ನೀಲಿ ಕಾಗದಕ್ಕೆ ಹಿಡಿಯದೆ, ತೊಳೆಯುವಾಗ ಹರಿದು ಬಿಳಿ ಭಾಗಕ್ಕೂ ಮೆತ್ತುತ್ತದೆ. ಕತ್ತಲಲ್ಲಿ ಪೂರ್ತಿ ಒಣಗಿಸಿ. ಒಣಗಿದ ಹಾಳೆ ಹಳದಿ ಹಸಿರಾಗಿರಬೇಕು. ಈಗಲೇ ನೀಲಿಗಟ್ಟಿದ್ದರೆ ಬೆಳಕು ತಗುಲಿದೆ, ಇಲ್ಲವೇ ಬೆರೆಸಿದ ದ್ರಾವಣ ಹಳತಾಗಿದೆ ಎಂದರ್ಥ.

ಬೆಳಕಿಗೊಡ್ಡುವುದು

ಎಕ್ಸ್‌ಪೋಷರ್ ಎಂದರೆ ಇಷ್ಟೇ: ಬೆಳಕಿನ ತೀವ್ರತೆ, ಅದು ಬಿದ್ದ ಹೊತ್ತು, ಇವೆರಡರ ಗುಣಲಬ್ಧ. ಇಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ನೇರಳಾತೀತ ಕಿರಣ. ಅದು ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸುತ್ತದೆ, ಫೆರಸ್ ಕಬ್ಬಿಣ ಫೆರಿಸೈನೈಡಿನೊಡನೆ ಕೂಡಿ ನೀರಿನಲ್ಲಿ ಕರಗದ ನೀಲಿಯಾಗುತ್ತದೆ.

ಹಾಳೆಯ ಮೇಲೆ ಎಲೆಯನ್ನೋ ಕಸೂತಿ ಬಟ್ಟೆಯನ್ನೋ ಇಟ್ಟು, ಗಾಜು ಹೊದಿಸಿ, ಹಿಂದೆ ಗಟ್ಟಿ ರಟ್ಟು ಕೊಟ್ಟು ಕ್ಲಿಪ್ ಹಾಕಿ. ಹೀಗೆ ಕ್ಯಾಮೆರಾ ಇಲ್ಲದೆ ಬರುವ ಚಿತ್ರಕ್ಕೆ ಫೋಟೋಗ್ರಾಂ ಎನ್ನುತ್ತಾರೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ 1843ರಿಂದ ಹೊರತಂದ ಕಡಲಪಾಚಿಗಳ ಪುಸ್ತಕ, ಅಂದರೆ ಫೋಟೋ ಚಿತ್ರಗಳುಳ್ಳ ಮೊದಲ ಪುಸ್ತಕವೆಂದು ಎಣಿಸಲಾಗುವುದು, ಈ ಬಗೆಯದೇ. ಹಸಿ ಎಲೆ ಗಾಜಿನಡಿ ಬೆವರಿ ಕಲೆ ಮಾಡುತ್ತದೆ. ಹಿಂದಿನ ರಾತ್ರಿ ದಪ್ಪ ಪುಸ್ತಕದಲ್ಲಿ ಒತ್ತಿಟ್ಟಿರಿ.

ಫೋಟೋವನ್ನೇ ಮೂಡಿಸಬೇಕಾದರೆ ನೆಗೆಟಿವ್ ಬೇಕು. ಕಂಪ್ಯೂಟರಿನಲ್ಲಿ ಚಿತ್ರವನ್ನು ಕಪ್ಪು ಬಿಳುಪಾಗಿಸಿ, ಕಪ್ಪು ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು ಬರುವಂತೆ ತಿರುಗಿಸಿ, ಎಡಬಲ ಅದಲುಬದಲು ಮಾಡಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ. ಶಾಯಿಯ ಮುಖ ಕಾಗದಕ್ಕೆ ತಾಗಿರಲಿ. ಮೇಲಾಗಿದ್ದರೆ ನಡುವಿನ ಪದರದಿಂದ ಗೆರೆಗಳು ಮಸುಕಾಗುತ್ತವೆ. ಗಾತ್ರ ಹಿಗ್ಗದು, ನೆಗೆಟಿವ್ ಎಷ್ಟಿದೆಯೋ ಚಿತ್ರವೂ ಅಷ್ಟೇ.

ನೆತ್ತಿಯ ಬಿಸಿಲಿಗೆ 5ರಿಂದ 15 ನಿಮಿಷ, ಮೋಡವಿದ್ದರೆ ಇದರ ಹಲವು ಪಟ್ಟು. ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ಹಳದಿ ಹಸಿರು ನೀಲಿಯಾಗಿ, ಗಾಢವಾಗಿ, ಕೊನೆಗೆ ಬೂದಿ ಮಿಶ್ರಿತ ಕಂಚಿನಂತಾಗಬೇಕು. ‘ಹಾಳಾಯಿತು’ ಎನ್ನಿಸುವ ಆ ಹಂತವೇ ಸರಿಯಾದ ಹಂತ. ನೀಲಿ ಕಂಡೊಡನೆ ತೆಗೆದರೆ ಅರ್ಧ ಚಿತ್ರ ನೀರಿಗೆ ಹೋಗುತ್ತದೆ. ಮೊದಲ ಹಾಳೆಯನ್ನು ಪರೀಕ್ಷೆಗೆ ಮೀಸಲಿಡಿ: ಒಂದು ಪಟ್ಟಿಯನ್ನು ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೊಮ್ಮೆ ಐದನೇ ಒಂದು ಭಾಗ ತೆರೆಯುತ್ತ ಹೋದರೆ 2ರಿಂದ 10 ನಿಮಿಷದವರೆಗಿನ ಐದು ಛಾಯೆ ಒಂದೇ ಕಡೆ ಸಿಗುತ್ತವೆ.

ತೊಳೆಯುವುದು

ಬೆಳ್ಳಿಯ ಫಿಲ್ಮಿನಲ್ಲಿ ಡೆವಲಪ್ ಬೇರೆ, ಫಿಕ್ಸ್ ಬೇರೆ. ಡೆವಲಪರ್ ಕಾಣದ ಬಿಂಬವನ್ನು ಕಾಣಿಸುತ್ತದೆ, ಫಿಕ್ಸ್ ಮಾಡುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ಬೆಳಕು ತಾಗದ ಬೆಳ್ಳಿಲವಣವನ್ನು ಕರಗಿಸಿ ತೆಗೆಯುತ್ತದೆ. ಹೈಪೋಗೆ ಆ ಗುಣವಿದೆ ಎಂದು 1819ರಲ್ಲೇ ಗುರುತಿಸಿದ್ದವನೂ ಹರ್ಷಲ್. ಸಯನೋಟೈಪಿನಲ್ಲಿ ಎರಡನ್ನೂ ನೀರೇ ಮಾಡುತ್ತದೆ. ಹಾಳೆಯನ್ನು ತಟ್ಟೆಯಲ್ಲಿ ಮುಳುಗಿಸಿ, ಅಲ್ಲಾಡಿಸುತ್ತ, ಬಿಳಿ ಭಾಗದ ಹಳದಿ ಪೂರ್ತಿ ಹೋಗುವವರೆಗೆ 5ರಿಂದ 10 ನಿಮಿಷ ನೀರು ಬದಲಿಸಿ. ಹಳದಿ ಉಳಿದರೆ ಮುಂದೆ ಬೆಳಕಿಗೆ ಆ ಭಾಗವೂ ನೀಲಿಯಾಗುತ್ತದೆ. ಅತಿಯಾಗಿ ನೆನೆಸಿಟ್ಟರೂ ನಸುಬಣ್ಣಗಳು ಕಳೆದುಹೋಗುತ್ತವೆ. ನಲ್ಲಿ ನೀರು ಕ್ಷಾರೀಯವಾಗಿದ್ದರೆ ಮೊದಲ ತೊಳೆತದ ನೀರಿಗೆ ಲೀಟರಿಗೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ.

ಪೂರ್ತಿ ನೀಲಿ ಏರಲು ಗಾಳಿಯಲ್ಲಿ ಒಂದು ದಿನ ಬೇಕು. ತಡೆಯಲಾರದವರು ಕೊನೆಯ ನೀರಿಗೆ ಲೀಟರಿಗೆ 10 ಮಿ.ಲೀ.ನಂತೆ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಹಾಕಬಹುದು, ಬಣ್ಣ ಕಣ್ಣೆದುರೇ ಏರುತ್ತದೆ. ಕೊನೆಯಲ್ಲಿ ಬರುವ ಬಣ್ಣ ಮಾತ್ರ ಎರಡೂ ದಾರಿಯಲ್ಲಿ ಒಂದೇ.

ಚೌಕಟ್ಟು ಹಾಕುವಾಗ ಹಿಂದಿನ ರಟ್ಟು ಕೂಡ ಸುಣ್ಣದಂಶವಿಲ್ಲದ್ದಾಗಿರಲಿ. ಬಹುದಿನ ಬೆಳಕಿಗೆ ಬಿದ್ದು ಮಾಸಿದ ಚಿತ್ರವನ್ನು ಕೆಲವು ದಿನ ಗಾಳಿಯಾಡುವ ಕತ್ತಲಲ್ಲಿಟ್ಟರೆ ನೀಲಿ ಬಹುಪಾಲು ಮರಳುತ್ತದೆ. ಸೋಪು, ಸೋಡಾ ತಾಗಿ ಮಾಸಿದ್ದು ಹೀಗೆ ಮರಳುವುದಿಲ್ಲ.